ನಾನು ತಿಂದ ಮುಕ್ಕಾಲು ಬೆಳಕು

ನಾನು ಒಂದು ಟೆಲಿಕನ್ವರ್ಟರ್. ಹೆಸರು ಕೇಳಿ ದೊಡ್ಡ ಯಂತ್ರವೆಂದುಕೊಳ್ಳಬೇಡಿ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಕರಿ ಬಳೆಯಂಥ ವಸ್ತು. ಒಳಗೆ ಏಳು ಗಾಜಿನ ಬಿಲ್ಲೆಗಳು. ಕ್ಯಾಮೆರಾಕ್ಕೂ ಅದರ ಲೆನ್ಸಿಗೂ ನಡುವೆ ನನ್ನನ್ನು ತಿರುಗಿಸಿ ಕೂರಿಸುತ್ತಾರೆ. ಆಗ ದೂರದ್ದು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ನನಗೆ ಸ್ವಂತ ನೋಟವಿಲ್ಲ. ಮುಂದಿನ ಲೆನ್ಸು ತಂದುಕೊಟ್ಟದ್ದನ್ನು ಹಿಗ್ಗಿಸಿ ಹಿಂದಕ್ಕೆ ದಾಟಿಸುತ್ತೇನೆ. ಅದರಲ್ಲಿ ದೋಷವಿದ್ದರೆ ದೋಷವನ್ನೂ ಹಿಗ್ಗಿಸುತ್ತೇನೆ. ಈ ಕೆಲಸಕ್ಕೆ ನನ್ನ ಕೂಲಿ ಬೆಳಕು. ನಾಲ್ಕು ಪಾಲು ಬೆಳಕು ಬಂದರೆ ಕ್ಯಾಮೆರಾದ ಪಾಲಿಗೆ ಸಿಗುವುದು ಒಂದೇ ಪಾಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ಕಥೆಯಲ್ಲಿ ನನ್ನ ತಪ್ಪೆಷ್ಟು ಎಂದು ನೀವು ತೂಗಬೇಕಾಗುತ್ತದೆ. ನನಗಂತೂ ಇನ್ನೂ ತೂಗಲು ಬಂದಿಲ್ಲ.

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನನ್ನು ದೀಪಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು. ಆ ತಲೆಯಾಡಿಸುವಿಕೆಯನ್ನು ಬಹಳ ವರ್ಷ ನೆನೆದುಕೊಂಡಿದ್ದೇನೆ. ಅದು ಮೆಚ್ಚುಗೆಯೋ, ಸಾಕು ನಡೆಯುತ್ತದೆ ಎಂಬುದೋ ತಿಳಿಯಲಿಲ್ಲ.

ನನ್ನ ಮೊದಲ ಒಡೆಯರು ಪುಣೆಯ ಒಬ್ಬ ಕಣ್ಣಿನ ಡಾಕ್ಟರು. ಭಾನುವಾರ ಹಕ್ಕಿಗಳ ಹಿಂದೆ ಹೋಗುವ ಹವ್ಯಾಸ ಅವರದು. ಆರು ತಿಂಗಳು ನನ್ನನ್ನು ಒಯ್ದರು. ನಡು ಹಗಲಿನ ಕೊಕ್ಕರೆ ಚೆನ್ನಾಗಿ ಬರುತ್ತಿತ್ತು, ನಸುಕಿನ ಗೂಬೆ ಬರುತ್ತಿರಲಿಲ್ಲ. ಕಡೆಗೆ ಅವರು ದೂರಕ್ಕೆಂದೇ ಮಾಡಿದ ಒಂದು ಉದ್ದ ಲೆನ್ಸು ಕೊಂಡರು. ಮೊಳದುದ್ದದ ಕೊಳವೆ, ಯಾರ ಸಹಾಯವೂ ಬೇಡದ ಗಂಭೀರ ವಸ್ತು. ಅಂದಿನಿಂದ ನಾನು ಚೀಲದ ಪಕ್ಕದ ಜೇಬಿಗೆ ಬಿದ್ದೆ. ಡಾಕ್ಟರು ತೀರಿಕೊಂಡ ಮೇಲೆ ಮನೆಯವರು ಇಬ್ಬರನ್ನೂ ಒಟ್ಟಿಗೆ ಮಾರಿದರು. ಹೀಗೆ ನಾನೂ ಆ ಉದ್ದ ಲೆನ್ಸೂ ಸೊಲ್ಲಾಪುರದ ಮೆಹಬೂಬ ಸಾಬರ ಹಳೇ ಕ್ಯಾಮೆರಾ ಅಂಗಡಿಯಲ್ಲಿ ಒಂದೇ ಕಪಾಟಿಗೆ ಬಂದೆವು.

ಚಂದ್ರಾಮ ನಮ್ಮನ್ನು ನೋಡಿದ್ದು ಅಲ್ಲಿಯೇ.

ವಿಜಯಪುರದ ಕಡೆಯ ಒಂದು ಸಣ್ಣ ಊರಿನಲ್ಲಿ ಅವನದೊಂದು ಸ್ಟುಡಿಯೋ. ಮದುವೆ, ಸೀಮಂತ, ಗುರುತಿನ ಚೀಟಿಯ ಫೋಟೋ, ಇಷ್ಟೇ ಬದುಕು. ಬಿಳಿ ಅಂಗಿ, ಜೇಬಿನಲ್ಲಿ ಲೆನ್ಸು ಒರೆಸುವ ಬಟ್ಟೆ, ಮಾತಿಗೆ ಮೊದಲು ಸಣ್ಣ ಕೆಮ್ಮು. ಆ ವರ್ಷ ಅವನ ಊರಿನ ಯುವಕ ಸಂಘದವರು ಅವನಿಗೊಂದು ಜವಾಬ್ದಾರಿ ಕೊಟ್ಟಿದ್ದರು. ಆ ಕಡೆ ಸೈಕಲ್ ರೇಸ್ ಎಂದರೆ ಜನ ಹೊಲ ಬಿಟ್ಟು ಬರುತ್ತಾರೆ. ಹಿಂದಿನ ವರ್ಷ ರೇಸ್ ಮುಗಿಯುವ ಗೆರೆಯ ಬಳಿ ಫೋಟೋದವನೊಬ್ಬ ಅಡ್ಡ ನಿಂತು ಸವಾರನೊಬ್ಬ ಬಿದ್ದು ಭುಜ ಮುರಿದುಕೊಂಡಿದ್ದ. ಗೆದ್ದವರು ಯಾರೆಂದು ಜಗಳವೂ ಆಗಿತ್ತು. ಹಾಗಾಗಿ ಈ ಸಲ ಕ್ಯಾಮೆರಾದವರು ಹಗ್ಗದ ಒಳಗೆ ಬರುವಂತಿಲ್ಲ. ರಸ್ತೆಯಾಚೆ, ಬಯಲಿನ ಆ ತುದಿಯಲ್ಲಿ, ಸೊಸೈಟಿ ಗೋದಾಮಿನ ಕಟ್ಟೆಯ ಮೇಲೆ ನಿಂತು ಗೆರೆಯ ಫೋಟೋ ತೆಗೆಯಬೇಕು. ಅನುಮಾನ ಬಂದರೆ ಆ ಫೋಟೋ ನೋಡಿ ತೀರ್ಮಾನ.

ಮೊದಲ ಬಾರಿಗೆ ಹುಡುಗಿಯರ ರೇಸೂ ಇತ್ತು. ಗೆದ್ದವಳಿಗೆ ಹೊಸ ರೇಸ್ ಸೈಕಲ್. ಓಡುವವರಲ್ಲಿ ಚಂದ್ರಾಮನ ಅಕ್ಕನ ಮಗಳು ದಾನಮ್ಮ ಒಬ್ಬಳು. ಅವಳ ಬಳಿ ಇದ್ದದ್ದು ಎರವಲು ಸೈಕಲ್. ಸಂಕ್ರಾಂತಿಗೆ ಒಡೆಯರಿಗೆ ಹಿಂತಿರುಗಿಸಬೇಕು. ಜನವರಿ ಕೊನೆಗೆ ರಾಜ್ಯದ ತಂಡಕ್ಕೆ ಆಯ್ಕೆ. ಅಂದರೆ ಈ ರೇಸ್ ಗೆದ್ದರೆ ಆಯ್ಕೆಗೆ ಹೋಗಲು ಸೈಕಲ್ ಉಂಟು, ಸೋತರೆ ಇಲ್ಲ. ಚಂದ್ರಾಮ ಇದನ್ನು ಸಂಘದ ಕಾರ್ಯದರ್ಶಿಗೆ ಹೇಳಿ, "ನಮ್ಮ ಹುಡಿಗಿ ಓಡ್ತಾಳ್ರೀ, ಈ ಕೆಲಸ ಬ್ಯಾರೆ ಯಾರಿಗರ ಹೇಳ್ರಿ" ಎಂದಿದ್ದನಂತೆ. ಕಾರ್ಯದರ್ಶಿ ನಕ್ಕು, "ಫೋಟೋಕ್ಕೇನು ಬೀಗರು ಬಿಜ್ಜರು ಇರ್ತಾರೇನೋ, ನೀನ ತಗಿ" ಎಂದನಂತೆ. ಇದೆಲ್ಲವನ್ನೂ ಅವನು ಮೆಹಬೂಬ ಸಾಬರ ಮುಂದೆ ಒಪ್ಪಿಸಿದ. ಯಾವುದನ್ನೂ ಮುಚ್ಚಿಡುವ ಮನುಷ್ಯನಲ್ಲ.

ಸಾಬರು ನಮ್ಮಿಬ್ಬರನ್ನೂ ಗಾಜಿನ ಮೇಲೆ ಇಟ್ಟರು.

"ಮಾಸ್ತರ, ಖರೇ ಹೇಳ್ಲೇನು? ಈ ಉದ್ದಂದು ತಗೋರಿ. ಇದು ದೂರದ್ದು ನೋಡಾಕಂತನ ಹುಟ್ಟೈತಿ."

"ರೇಟು ಕೇಳಿದ್ರ ಎದಿ ಹೊಡ್ಕೋತೈತ್ರಿ ಸಾಬರ."

"ಹಂಗಾರ ಈ ಸಣ್ಣಂದು. ನಿಮ್ಮ ಹಳೇ ಲೆನ್ಸಿಗೆ ಕುಂದರತೈತಿ. ಆದ್ರ ಬೆಳಕು ತಿಂತೈತಿ ನೋಡ್ರಿ, ರಾಕ್ಷಸ ಐತಿ. ಚಂಜಿಮಟ, ಹೊತ್ತು ಮುಳುಗೂತನಕ ಕುಂದರ್ರಿ, ಚಹಾ ಕುಡ್ಯೂಣು, ಚಂಜಿ ಬೆಳಕಿನ್ಯಾಗ ಒಂದ್ಸಲ ಹೊಡದು ನೋಡ್ರಿ. ಆಮ್ಯಾಲ ಬೇಕಾದ್ದು ಒಯ್ರಿ."

ಚಂದ್ರಾಮ ನನ್ನನ್ನು ಕ್ಯಾಮೆರಾಕ್ಕೆ ಕೂರಿಸಿ ಅಂಗಡಿಯ ಬಾಗಿಲಿಗೆ ಬಂದ. ಹೊತ್ತು ನೆತ್ತಿಯ ಮೇಲಿತ್ತು. ಬೀದಿಯ ಕೊನೆಯಲ್ಲಿ ಬಸ್ಸೊಂದು ತಿರುಗುತ್ತಿತ್ತು. ಅದರ ನಂಬರು, ಅದರ ಮೇಲಿನ ಧೂಳು, ಕಿಟಕಿಯಲ್ಲಿ ಕುಳಿತ ಮುದುಕಿಯ ಮೂಗುಬೊಟ್ಟು ಎಲ್ಲ ಕಂಡಿತು. ನಾನು ನನ್ನ ಶಕ್ತಿಯನ್ನೆಲ್ಲ ಹಾಕಿ ತೋರಿಸಿದೆ. ಕಪಾಟಿನಿಂದ ಹೊರಬರಬೇಕೆಂಬ ಆಸೆ ನನಗೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

"ಎರಡಕ್ಕ ಬಸ್ ಐತ್ರಿ, ಚಂಜಿಮಟ ಕುಂತ್ರ ನಮ್ಮೂರ ಬಸ್ ತಪ್ಪತೈತಿ," ಎಂದ ಚಂದ್ರಾಮ. "ರೇಸ್ ಇರೂದು ಮಧ್ಯಾಹ್ನ ಮೂರಕ್ಕ. ಬಿಸಲು ರಗಡ ಇರತೈತಿ."

ಸಾಬರು ದುಡ್ಡು ಎಣಿಸಿಕೊಂಡರು. ನನ್ನನ್ನು ಒರೆಸಿ ಕಾಗದದಲ್ಲಿ ಸುತ್ತಿದರು. ಉದ್ದ ಲೆನ್ಸು ಕಪಾಟಿನಲ್ಲೇ ಉಳಿಯಿತು.

ರೇಸಿನ ದಿನ ಮೂರಕ್ಕೆ ಬಿಸಿಲು ರಗಡವಾಗಿಯೇ ಇತ್ತು. ಗೋದಾಮಿನ ಕಟ್ಟೆಯ ಮೇಲೆ ಚಂದ್ರಾಮ ಎರಡೂವರೆಗೇ ನಿಂತಿದ್ದ. ಸುಣ್ಣದ ಗೆರೆಯನ್ನು ನೇರ ಅಡ್ಡದಿಂದ ನೋಡುವಂತೆ ಸ್ಟ್ಯಾಂಡು ಹೂಡಿ, ಅದರ ಕಾಲಿಗೆ ಕಲ್ಲು ಕೊಟ್ಟಿದ್ದ. ಅಭ್ಯಾಸಕ್ಕೆಂದು ಗೆರೆ ದಾಟಿದ ಒಂದು ನಾಯಿಯನ್ನು ತೆಗೆದ. ಅದರ ಮೀಸೆ ಕೂಡ ಬಂತು. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆದರೆ ಮುಖ್ಯ ಅತಿಥಿಗಳು ಬಂದಿರಲಿಲ್ಲ. ಅವರು ಬಂದು ಬಾವುಟ ಬೀಸದೆ ರೇಸ್ ಬಿಡುವಂತಿಲ್ಲ. ನಾಲ್ಕಾಯಿತು. ಮೈಕಿನವನು "ಇನ್ನ ಐದ ಮಿನಿಟಿನ್ಯಾಗ ಬರ್ತಾರ" ಎಂದು ಏಳು ಸಲ ಹೇಳಿದ. ದಾನಮ್ಮ ಸೈಕಲ್ ಹಿಡಿದು ಬಯಲು ದಾಟಿ ಮಾವನ ಬಳಿ ಬಂದಳು. ಹದಿನಾರರ ಹುಡುಗಿ, ಬಿಗಿಯಾಗಿ ಕಟ್ಟಿದ ಎರಡು ಜಡೆ.

"ಮಾಮಾ, ಕಾಲು ಜೋಮ ಹಿಡದಾವ ನಿಂತು ನಿಂತು."

"ತಿರಗ್ಯಾಡವ್ವ, ಕುಂದರಬ್ಯಾಡ. ನೀರ ಭಾಳ ಕುಡೀಬ್ಯಾಡ."

"ನಿಂದ್ಯಾಕ ಮಾರಿ ಹಿಂಗಾಗೈತಿ? ಓಡಾಕಿ ನಾನೋ ನೀನೋ?"

ಅವನು ನಗಲಿಲ್ಲ. ಆಕಾಶ ನೋಡುತ್ತಿದ್ದ.

ಐದು ಗಂಟೆಗೆ ಕಾರುಗಳು ಬಂದವು. ಹಾರ, ಶಾಲು, ಭಾಷಣ. ಹುಡುಗಿಯರನ್ನು ಬಿಟ್ಟಾಗ ಐದೂವರೆ ಆಗುತ್ತಾ ಬಂದಿತ್ತು. ಹತ್ತು ಕಿಲೋಮೀಟರು ಹೋಗಿ ಹತ್ತು ಕಿಲೋಮೀಟರು ಬರಬೇಕು. ಅವರು ಮರಳುವ ಹೊತ್ತಿಗೆ ಡಿಸೆಂಬರಿನ ಸೂರ್ಯ ಮುಳುಗಿ, ರಸ್ತೆ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನೊಳಗೆ ಎಲ್ಲವೂ ಕಪ್ಪಾಗತೊಡಗಿತು. ಚಂದ್ರಾಮನ ಹೆಬ್ಬೆರಳು ನನ್ನನ್ನು ಬಿಚ್ಚುವ ಗುಂಡಿಯ ಮೇಲೆ ಬಂತು. ಬಿಚ್ಚು ಎಂದು ನಾನು ಬೇಡಿಕೊಂಡೆ. ಬರೀ ಹಳೇ ಲೆನ್ಸಿನಲ್ಲಿ ತೆಗೆದರೆ ಚಿತ್ರ ಸಣ್ಣದಾದರೂ ಸ್ಪಷ್ಟವಾಗಿ ಬರುತ್ತಿತ್ತು. ಅವನೂ ಅದನ್ನೇ ಯೋಚಿಸಿದನೆಂದು ಬೆರಳು ಗುಂಡಿಯನ್ನು ಅರ್ಧ ಒತ್ತಿದ್ದರಲ್ಲಿ ತಿಳಿಯಿತು. ಆದರೆ ಈ ಒಂದು ಫೋಟೋಕ್ಕೆಂದೇ ಅಲ್ಲವೇ ನನ್ನನ್ನು ತಂದದ್ದು? ಗೆರೆ ಸಣ್ಣದಾಗಿ ಕಂಡು ಮತ್ತೆ ಜಗಳವಾದರೆ? ಬೆರಳು ಹೋಯಿತು, ಬಂತು, ಹೋಯಿತು. ಅಷ್ಟರಲ್ಲಿ ಜನ ಕೂಗಿದರು.

ಇಬ್ಬರು ಒಟ್ಟಿಗೆ ಬಂದರು. ದಾನಮ್ಮ ಈಚೆಗೆ, ತಾಂಡಾದ ಹುಡುಗಿ ಶೋಭಾ ಲಮಾಣಿ ಆಚೆಗೆ. ಚಂದ್ರಾಮ ಫೋಟೋ ತೆಗೆಯುವ ಗುಂಡಿ ಒತ್ತಿದ.

ಇಲ್ಲಿ ಒಂದು ವಿಷಯ ನಿಮಗೆ ತಿಳಿದಿರಬೇಕು. ಅಂಥ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ. ಗುಂಡಿ ಒತ್ತಿದ ಕ್ಷಣ ಅದು ಮೇಲೇಳುತ್ತದೆ. ಆ ಕ್ಷಣ ಕಣ್ಣಿಟ್ಟು ನೋಡುವವನಿಗೆ ಬರೀ ಕತ್ತಲೆ. ತಾನು ತೆಗೆದ ಕ್ಷಣವನ್ನು ಫೋಟೋದವನು ಎಂದೂ ಕಂಡಿರುವುದಿಲ್ಲ. ಬೆಳಕು ಸಾಲದ್ದಕ್ಕೆ ಆ ಕತ್ತಲೆಯೂ ಅಂದು ದೀರ್ಘವಾಗಿತ್ತು.

ಮೂವರು ತೀರ್ಪುಗಾರರಲ್ಲಿ ಒಬ್ಬ ದಾನಮ್ಮ ಎಂದ, ಒಬ್ಬ ಶೋಭಾ ಎಂದ. ಮೂರನೆಯವರು ಹಿರಿಯ ಪೈಲ್ವಾನರು. "ಫೋಟೋ ತರ್ರಿ" ಎಂದರು. ಎಲ್ಲರೂ ಕ್ಯಾಮೆರಾದ ಹಿಂದಿನ ಸಣ್ಣ ಪರದೆಯ ಮೇಲೆ ಬಗ್ಗಿದರು. ಎರಡು ಸೈಕಲ್ಲುಗಳ ಮುಂದಿನ ಗಾಲಿಗಳು ಒಂದೇ ಬೂದು ಗೀಚಾಗಿದ್ದವು. ಸುಣ್ಣದ ಗೆರೆ ಎಲ್ಲಿ ಮುಗಿದು ಟೈರು ಎಲ್ಲಿ ಶುರುವಾಗಿದೆ ಎಂಬುದೇ ತಿಳಿಯುತ್ತಿರಲಿಲ್ಲ.

"ಇದು ಸೈಕಲ್ಲೋ ಹೊಗೀನೋ?" ಎಂದ ಕಾರ್ಯದರ್ಶಿ.

ಪೈಲ್ವಾನರು ಚಂದ್ರಾಮನ ಹೆಗಲ ಮೇಲೆ ಕೈಯಿಟ್ಟರು. "ತಮ್ಮಾ, ನೀ ಸುಳ್ಳ ಹೇಳಾಂವ ಅಲ್ಲ. ನಿನ್ನ ಕಣ್ಣಿಗೆ ಏನು ಕಂಡಿತು ಹೇಳು. ಅದ ನಡೀತೈತಿ."

ದಾನಮ್ಮ ಮಾವನನ್ನೇ ನೋಡುತ್ತಿದ್ದಳು. ಅವಳ ಅವ್ವ ಕಸ್ತೂರೆವ್ವ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ಚಂದ್ರಾಮ ಕೆಮ್ಮಿದ.

"ನನಗ ಕತ್ತಲಿ ಕಂಡಿತ್ರಿ," ಎಂದ. "ಫೋಟೋದಾಗ ಇಲ್ಲದ್ದು ನಾ ಹೆಂಗ ಹೇಳ್ಲಿ."

ಕಡೆಗೆ ಎರಡು ಚೀಟಿ ಬರೆದು ಮಡಚಿ, ಪೇಟದಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತಿದರು. ಶೋಭಾಳ ಹೆಸರು ಬಂತು.

ಕಸ್ತೂರೆವ್ವ ತಮ್ಮನ ಹತ್ತಿರ ಬಂದು ಮೆಲ್ಲಗೆ, "ಒಂದ್ ಮಾತು ಅಂದಿದ್ರ ಆಗ್ತಿತ್ತಲ್ಲೋ ತಮ್ಮಾ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿರಬೇಕು. ಬಹಳ ದಿನ ಅದೇ ಮಾತನ್ನು ಸ್ಟುಡಿಯೋದಲ್ಲಿ ಒಬ್ಬನೇ ಇದ್ದಾಗ ಬಾಯೊಳಗೆ ಹೇಳಿಕೊಳ್ಳುತ್ತಿದ್ದ.

ಸಂಕ್ರಾಂತಿಗೆ ಎರವಲು ಸೈಕಲ್ ಹೋಯಿತು. ದಾನಮ್ಮ ಆಯ್ಕೆಗೆ ಹೋಗಲಿಲ್ಲ. ಆಮೇಲೆ ಬಸ್ಸಿನ ಕಂಡಕ್ಟರ್ ಆದಳು. ಚಂದ್ರಾಮ ನನ್ನನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟವನು ಮತ್ತೆ ಮುಟ್ಟಲಿಲ್ಲ. ಒಮ್ಮೆ ಸೊಲ್ಲಾಪುರಕ್ಕೆ ಹೋಗಿ ಆ ಉದ್ದ ಲೆನ್ಸನ್ನು ಕೇಳಿದನಂತೆ. ಅದು ಯಾವಾಗಲೋ ಮಾರಾಟವಾಗಿತ್ತು. ಇದ್ದಿದ್ದರೂ ಅವನು ಕೊಳ್ಳುತ್ತಿದ್ದನೇ, ಕೊಂಡು ಏನನ್ನು ತೆಗೆಯುತ್ತಿದ್ದ, ನನಗೆ ಗೊತ್ತಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೂರನೆಯ ಗಾಜಿನ ಮೇಲೆ ಬೂಸು ಹಬ್ಬಿದೆ, ಜೇಡರ ಬಲೆಯ ಹಾಗೆ. ಮೊನ್ನೆ ದಾನಮ್ಮ ಸ್ಟುಡಿಯೋಕ್ಕೆ ಬಂದಿದ್ದಳು, ಖಾಕಿ ಬಟ್ಟೆಯಲ್ಲೇ, ಯಾವುದೋ ಅರ್ಜಿಗೆ ಫೋಟೋ ಬೇಕೆಂದು. ಫೋಟೋ ಆದ ಮೇಲೆ ಕೇಳಿದಳು, "ಮಾಮಾ, ಅವತ್ತಿಂದು ಐತೇನು?"

ಇತ್ತು. ಅವನು ಅಳಿಸಿರಲಿಲ್ಲ. ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದ. ಮಾಡಿದಷ್ಟೂ ಬರೀ ಚೌಕಗಳು. ದಾನಮ್ಮ ಬಹಳ ಹೊತ್ತು ನೋಡಿದಳು.

"ಬಿಡು ಮಾಮಾ. ಗೆದ್ದಾಕಿ ನಾನ. ನನಗ ಗೊತ್ತೈತಿ."

"ಹೌದವ್ವ," ಎಂದ ಚಂದ್ರಾಮ. "ನಾ ಆ ಉದ್ದಂದು ತಂದಿದ್ರ ಎಲ್ಲಾರಿಗೂ ಗೊತ್ತಾಗತಿತ್ತು."

"ಶೋಭಾನೂ ಎಲ್ಲಿ ದೊಡ್ಡಾಕಿ ಆದಳು ಬಿಡು. ಆಕಿ ಆಯ್ಕೆಗೆ ಹೋದಾಗ ಹುಡಿಗ್ಯಾರೆಲ್ಲ 'ಚೀಟಿ ಶೋಭಾ, ಚೀಟಿ ಶೋಭಾ' ಅಂತ ಕಾಡಿದ್ರಂತ. ರೇಸಿನ ನಡುವ ಸೈಕಲ್ ಇಳದು ಬಂದಳಂತ. ಮೊನ್ನೆ ನನ್ನ ಬಸ್ಸಿನ್ಯಾಗ ಬಂದಿದ್ದಳು, ಕಬ್ಬು ಕಡ್ಯಾಕ ಹೊಂಟಿದ್ದಳು. ತಲಿ ಎತ್ತಲಿಲ್ಲ."

ಕನ್ನಡಿ ಚಂದ್ರಾಮನ ಕಣ್ಣನ್ನು ಮುಚ್ಚಿತ್ತು, ನನ್ನದನ್ನಲ್ಲ. ನಾನು ಕನ್ನಡಿಗಿಂತ ಮುಂದಿರುವವನು. ಆ ಸಂಜೆ ಉಳಿದಿದ್ದ ಬೆಳಕೆಲ್ಲ ನನ್ನನ್ನು ಹಾಯ್ದೇ ಹೋಯಿತು. ಶೋಭಾಳ ಟೈರು ಸುಣ್ಣದ ಗೆರೆಯನ್ನು ಮುಟ್ಟಿದಾಗ ದಾನಮ್ಮನದು ಇನ್ನೂ ನಾಲ್ಕು ಬೆರಳು ಹಿಂದಿತ್ತು. ಗೆದ್ದವಳು ಶೋಭಾ. ಚೀಟಿಯಿಂದಲ್ಲ, ಕಾಲಿನಿಂದ. ಉದ್ದ ಲೆನ್ಸು ಬಂದಿದ್ದರೂ ಚಂದ್ರಾಮನ ಅಕ್ಕನ ಮಗಳಿಗೆ ಸೈಕಲ್ ಸಿಗುತ್ತಿರಲಿಲ್ಲ. ಆದರೆ ಅವನಿಗೆ ಈ ಹೊರೆ ಇರುತ್ತಿರಲಿಲ್ಲ. ಇನ್ನೊಬ್ಬಳಿಗೆ ಆ ಅಡ್ಡಹೆಸರು ಇರುತ್ತಿರಲಿಲ್ಲ. ನನ್ನ ತಪ್ಪು ಹಗುರಾಗಲೆಂದು ನಾನೇ ಹೀಗೆ ಕಟ್ಟಿಕೊಂಡೆನೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ನಾಲ್ಕು ಬೆರಳು. ಕಂಡಿದ್ದೇನೆ.

ಹೊರಡುವ ಮುಂಚೆ ದಾನಮ್ಮ ಕೆಳಗಿನ ಖಾನೆಯಿಂದ ನನ್ನನ್ನು ಎತ್ತಿಕೊಂಡು, ಧೂಳು ಊದಿ, ಬರಿಗಣ್ಣಿಗೆ ಹಿಡಿದು ಬೀದಿಯ ಕಡೆ ನೋಡಿದಳು.

"ಇದೇನ ಮಾಮಾ, ಇದರಾಗ ಎಲ್ಲಾ ಸಣ್ಣದ ಕಾಣತೈತಿ?"

"ಮುಂದ ಲೆನ್ಸ್ ಇಲ್ಲದಿದ್ರ ಅದು ಹಂಗನ ತೋರಸ್ತೈತಿ," ಎಂದ ಚಂದ್ರಾಮ, ಅವಳ ಕೈಯಿಂದ ನನ್ನನ್ನು ತೆಗೆದುಕೊಂಡು.

ಖಾನೆಗೆ ಇಡುವ ಮುಂಚೆ ಜೇಬಿನ ಬಟ್ಟೆಯಿಂದ ಒಮ್ಮೆ ಒರೆಸಿದ. ಬೂಸು ಒಳಗಿತ್ತು, ಹೋಗಲಿಲ್ಲ. ಅವನಿಗೂ ಅದು ಗೊತ್ತಿತ್ತು. ಆದರೂ ಇನ್ನೊಮ್ಮೆ ಒರೆಸಿದ.