ಮೂರನೆಯ ಸಾಲಿನ ಖಾಲಿ ಜಾಗ

ನಮ್ಮ ಮನೆಯವರ ಹೆಸರು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ. ಗಂಡನ ಹೆಸರು ಹಿಡಿದು ಕರೆಯುವಷ್ಟು ನನ್ನ ನಾಲಿಗೆ ಉದ್ದವಾಗಿಲ್ಲ. ತಿಳವಳ್ಳಿಯಲ್ಲಿ ಶಿವಬಸವ್ವನ ಮನೆ ಯಾವುದೆಂದರೆ ಎಮ್ಮೆ ಕಾಯುವವರೂ ತೋರಿಸುತ್ತಾರೆ, ಅಷ್ಟು ಸಾಕು. ಮದುವೆಯಲ್ಲೋ ಬಸುರಿಗೆ ಉಡಿ ತುಂಬುವ ಕುಬಸದಲ್ಲೋ ಹೆಂಗಸರೆಲ್ಲ ಸುತ್ತುಗಟ್ಟಿ 'ಹೆಸರ ಹೇಳ್ರಿ' ಎಂದು ಗಂಟುಬಿದ್ದಾಗ ಮಾತ್ರ ಒಂದು ಒಡಪು ಕಟ್ಟಿ, ಅದರ ಕೊನೆಯ ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳುವುದು ನಮ್ಮ ರೂಢಿ. ನನ್ನದು ತಾಮ್ರದ ತಂಬಿಗೆಯ ಒಡಪು, ನನ್ನ ಅವ್ವ ಕಲಿಸಿದ್ದು. ಮೂವತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ಓಣಿಯ ಹುಡುಗಿಯರು 'ತಾಮ್ರದ ತಂಬಗಿ ಬಂತು' ಎಂದು ಕಿಸಕ್ಕನೆ ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ.

ನನಗೆ ಸಂಶಯ ಜಾಸ್ತಿ ಎನ್ನುತ್ತಾರೆ. ಹೌದು, ಜಾಸ್ತಿಯೇ. ಹಾಲಿನ ಗಡಿಗೆಯ ಮೇಲೆ ಕಣ್ಣಿಡದ ಮನೆಯಲ್ಲಿ ಬೆಕ್ಕೇ ಯಜಮಾನಿ. ನನ್ನ ಮಗ ಮಹಾಲಿಂಗಪ್ಪನಿಗೆ ಸವಣೂರಿನಿಂದ ಹಾಲವ್ವನನ್ನು ತಂದುಕೊಂಡು ಎರಡು ವರ್ಷವಾಗಿತ್ತು. ರೊಟ್ಟಿ ಬಡಿದರೆ ಹುಣ್ಣಿಮೆ ಚಂದ್ರ, ಅಕ್ಕಿ ಕೇರಿದರೆ ಒಂದು ನುಚ್ಚು ಹಾರುವುದಿಲ್ಲ, ಎದುರು ಮಾತಿಲ್ಲ. ಅಲ್ಲೇ ನನಗೆ ಅನುಮಾನ ಶುರುವಾಯಿತು. ಬೈಯಲು ಏನೂ ಸಿಗದ ಸೊಸೆಯನ್ನು ಯಾವ ಅತ್ತೆ ನಂಬುತ್ತಾಳೆ ಹೇಳಿ?

ಜರ್ಮನಿಯವನ ಲಡಾಯಿ ಶುರುವಾಗಿ ಎರಡು ವರ್ಷ, ಸೀಮೆಎಣ್ಣೆ ಬಂಗಾರವಾಗಿತ್ತು. ಒಲೆಗೆ ಕುಳ್ಳೇ ಗತಿ. ಹಾಲವ್ವ ದಿನಾ ಮಧ್ಯಾಹ್ನ, ನಾನು ಅಡ್ಡಾದ ಹೊತ್ತಿನಲ್ಲಿ, ಹಿತ್ತಲಿನ ಗೋಡೆಗೆ ಸಗಣಿ ತಟ್ಟುತ್ತಿದ್ದಳು. ಒಂದು ದಿನ ನಿದ್ದೆ ಬರದೆ ಎದ್ದು ಹೋಗಿ ನೋಡಿದೆ. ಕುಳ್ಳೆಂದರೆ ಸಂದಿಲ್ಲದಂತೆ ಗೋಡೆ ತುಂಬ ಬಡಿಯುವುದು. ಇವಳದು ಹಾಗಲ್ಲ. ಮೇಲಿನ ಸಾಲಿನಲ್ಲಿ ನಾಲ್ಕು, ಅದರ ಕೆಳಗೆ ನಾಲ್ಕು, ಮೂರನೆಯ ಸಾಲಿನಲ್ಲಿ ಎರಡು, ಆಮೇಲೆ ಒಂದರಷ್ಟು ಜಾಗ ಖಾಲಿ, ಆಮೇಲೆ ಒಂದು. ಮೊಳದಷ್ಟು ಬಿಟ್ಟು ಮತ್ತೆ ಹಾಗೇ ಮೂರು ಸಾಲು, ಮತ್ತೆ ಅದೇ ಖಾಲಿ ಜಾಗ. ಒಟ್ಟು ಐದು ಗುಂಪು.

ಇದು ಕುಳ್ಳಲ್ಲ, ಗುರುತು ಎಂದುಕೊಂಡೆ. ಯಾರಿಗೆ? ಆ ಗೋಡೆ ಎದೆಮಟ್ಟದ್ದು. ಅದರಾಚೆ ಕರಬಸಪ್ಪನ ಹಿತ್ತಲು. ಮೂವತ್ತರ ಗಂಡಸು, ಮೀಸೆ ಹುರಿಮಾಡಿಕೊಂಡು ಓಡಾಡುವವನು. ಅವನ ಹೆಂಡತಿ ಉಡಚವ್ವ ಏಳು ತಿಂಗಳ ಬಸುರಿ.

ಅಂದಿನಿಂದ ಮಲಗಿದಂತೆ ನಟಿಸಿ ಬಾಗಿಲ ಸಂದಿಯಲ್ಲಿ ನಿಂತು ನೋಡತೊಡಗಿದೆ. ಸೊಸೆ ಒಂದು ಉಂಡೆ ಸಗಣಿ ಎತ್ತುತ್ತಾಳೆ, ತುಟಿ ಅಲ್ಲಾಡಿಸುತ್ತಾಳೆ, ತಟ್ಟುತ್ತಾಳೆ. ಎರಡೂ ಅಂಗೈಯನ್ನು ತಕ್ಕಡಿಯ ಹಾಗೆ ಹಿಡಿದು ಏನನ್ನೋ ತೂಗುತ್ತಾಳೆ. ಒಬ್ಬಳೇ ನಗುತ್ತಾಳೆ! ಸಗಣಿ ತಟ್ಟುವಾಗ ನಗುವಂಥದ್ದು ಏನಿರುತ್ತದೆ? ನಾನು ಮೂವತ್ತು ವರ್ಷ ತಟ್ಟಿದ್ದೇನೆ, ಒಂದು ದಿನವೂ ನಗು ಬಂದಿಲ್ಲ.

ಶನಿವಾರ ಅವಳ ಬಾಯಿಂದಲೇ ಬಂತು, ಸಣ್ಣ ದನಿಯಲ್ಲಿ:

"ಗುಬ್ಬಿ ಕಟ್ಟೇತಿ ಗೂಡ ಜಂತ್ಯಾಗ,
ಗುಟ್ಟ ಹೇಳೇನಿ ಅವರ ಕಿವ್ಯಾಗ,
ಗುರುತ ಕೇಳಿದ್ರ ಕರಬಸಪ್ಪ ಎದ್ಯಾಗ."

ಶಿವ ಶಿವಾ! ತನ್ನ ಗಂಡನ ಹೆಸರನ್ನೇ ಹೇಳಬಾರದ ಹೆಣ್ಣು, ಪರರ ಗಂಡನನ್ನು ಎದೆಯಲ್ಲಿಟ್ಟುಕೊಂಡಿದ್ದಾಳೆ. ನಾನು ಬಾಗಿಲು ದೂಡಿ ಅವಳೆದುರು ನಿಂತೆ.

"ಕರಬಸಪ್ಪ ನಿನಗೇನಾಗಬೇಕಬೇ?"

ಕೈಯಲ್ಲಿದ್ದ ಸಗಣಿ ಕೆಳಗೆ ಬಿತ್ತು. ಮುಖ ಬೆಳ್ಳಗಾಯಿತು.

"ಅತ್ತೀ, ನೀವು ತಿಳಕೊಂಡಂಗ ಏನೂ ಇಲ್ರಿ. ಸೋಮವಾರದ ತನಕ ಕೇಳಬ್ಯಾಡ್ರಿ. ಆಮ್ಯಾಲ ನಾನ ಎಲ್ಲಾ ಹೇಳ್ತೇನಿ."

"ಸೋಮವಾರಕ್ಕ ಏನೈತಿ?"

"ಆಣಿ ಐತ್ರಿ. ಬಾಯಿಬಿಡಾಕ ಬರೂದಿಲ್ಲ."

ಸೋಮವಾರ ಏನಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಉಡಚವ್ವನ ಕುಬಸ. ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಯಲ್ಲಿ ಕೂತಿರುತ್ತಾರೆ, ಮನೆಗಳೆಲ್ಲ ಖಾಲಿ. ಓಡಿಹೋಗುವವರಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದು?

ಹಾನಗಲ್ಲಿಗೆ ಅಕ್ಕಿಚೀಲ ಹೇರಿಕೊಂಡು ಹೋಗಿದ್ದ ಮಗ ಭಾನುವಾರ ಸಂಜೆ ಗಾಡಿ ಹೊಡೆದುಕೊಂಡು ಬಂದ. ಎತ್ತು ಬಿಚ್ಚುವ ಮೊದಲೇ ಹೇಳಿದೆ: "ಹೇಣ್ತಿ ನಡತಿ ನೆಟ್ಟಗಿಲ್ಲ. ನಾಳೆ ಮುಂಜಾನೆ ಸವಣೂರಿಗೆ ಬಿಟ್ಟು ಬಾ. ಮತ್ತ ಕರಿಯಾಕ ಹೋಗಬ್ಯಾಡ."

"ನಾಳೆ ಸೋಮವಾರ ಯವ್ವಾ," ಎಂದ, ಅಷ್ಟೇ. ಸೋಮವಾರ ಬಸವಣ್ಣನ ಹೆಗಲಿಗೆ ನಮ್ಮಲ್ಲಿ ನೊಗ ಇಡುವುದಿಲ್ಲ. ಹಾಗಾಗಿ ಮಂಗಳವಾರವೆಂದಾಯಿತು. ಮಗ ಒಳಗೆ ಹೋಗಿ ಏನೋ ಕೇಳಿದ, ಅವಳು ಅದೇ ಆಣೆಯ ಮಾತು ಹೇಳಿದಳು. ಹೊರಗೆ ಬಂದವನ ಮುಖ ನೋಡಲಾಗಲಿಲ್ಲ. ನಮ್ಮ ಮನೆಯವರು "ಒಮ್ಮಿ ವಿಚಾರ ಮಾಡು" ಎಂದರು. ವಿಚಾರ ಮಾಡಿಯೇ ಹೇಳಿದ್ದೇನೆ ಎಂದೆ. ಹೀಗೆ ತವರಿಗೆ ಬಿಟ್ಟುಬಂದ ಹೆಣ್ಣು ತಿರುಗಿ ಹೊಸ್ತಿಲು ತುಳಿದದ್ದನ್ನು ನಮ್ಮ ಕಡೆ ಯಾರೂ ನೋಡಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ತಡಮಾಡದೆ ಟ್ರಂಕು ತೆಗೆದು ಸೀರೆ ಮಡಿಚಿ ಇಟ್ಟಳು, ಅಳಲಿಲ್ಲ. ಅಳದ ಹೆಣ್ಣಿನ ಮೇಲೆ ನನಗೆ ಇನ್ನಷ್ಟು ಸಂಶಯ.

ಸೋಮವಾರ ಅವಳನ್ನು ಒಳಗೇ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಕುಬಸಕ್ಕೆ ಹೋದೆ. ಕರಬಸಪ್ಪನ ಮೇಲೆ ಕಣ್ಣಿಡಬೇಕಿತ್ತಲ್ಲ. ಅವನೋ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ, ಒಳಗೆ ಹೆಂಡತಿ ಕೆಮ್ಮಿದರೂ ಹೊರಳಿ ನೋಡುತ್ತಿದ್ದ. ಉಡಚವ್ವನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತಿದರು. "ಹೆಸರ ಹೇಳ, ಹೆಸರ ಹೇಳ!" ಎಂದು ಗದ್ದಲವೆದ್ದಿತು. ಉಡಚವ್ವ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಹೇಳಿದಳು:

"ಗುಬ್ಬಿ ಕಟ್ಟೇತಿ ಗೂಡ ಜಂತ್ಯಾಗ..."

ನನ್ನ ಕೈಯಲ್ಲಿದ್ದ ಎಲೆ ಅಡಿಕೆ ಬಿತ್ತು. ಗುಟ್ಟು ಬಂತು, ಕಿವಿ ಬಂತು, ಕರಬಸಪ್ಪನೂ ಬಂದ. ಕಟ್ಟೆಯ ಮೇಲೆ ಅವನು ಮುಖ ಕೆಂಪಗೆ ಮಾಡಿಕೊಂಡ. ಹೆಂಗಸರು ಕೇಕೆ ಹಾಕಿ ನಕ್ಕರು. "ಯಾರ ಕಟ್ಟಿಕೊಟ್ರ ನಿನಗ?" ಎಂದು ಒಬ್ಬಳು ಕೇಳಿದರೆ, "ನಾನ ಕಟ್ಟೇನಿ!" ಎಂದಳು ಉಡಚವ್ವ, ಗದ್ದ ಎತ್ತಿ. ಆಮೇಲೆ ಮೂಲೆಮನೆಯ ವೀರವ್ವ ಹೇಳಿದಳು. ಅವಳ ನಂತರ ಇನ್ನಿಬ್ಬರು ಹೇಳಿದರು. ಎಲ್ಲ ಹೊಸವು. ನನ್ನ ಬೆರಳು ತಾನಾಗಿ ಎಣಿಸತೊಡಗಿತ್ತು. ನಾಲ್ಕು ಮಾತು, ನಾಲ್ಕು ಮಾತು, ಮೂರನೆಯ ಸಾಲಿನಲ್ಲಿ ಎರಡು ಮಾತು, ಗಂಡನ ಹೆಸರು, ಮತ್ತೊಂದು ಮಾತು. ಮಾತಿಗೊಂದು ಕುಳ್ಳು. ಖಾಲಿ ಬಿಟ್ಟ ಜಾಗ ಗಂಡನ ಹೆಸರಿನದು.

"ಶಿವಬಸವ್ವಾರ, ಇನ್ನ ನಿಮ್ಮ ತಾಮ್ರದ ತಂಬಗಿ ಬರ್ಲಿರಿ!" ಎಂದು ಯಾರೋ ಕೂಗಿದರು. ನನಗೆ ನಾಚಿಕೆಯಾಯಿತು, ಆ ತಂಬಿಗೆಗಲ್ಲ. ಎದ್ದು ಬಂದುಬಿಟ್ಟೆ.

ಚಿಲಕ ತೆಗೆದು ಒಳಗೆ ಹೋದರೆ ಪಡಸಾಲೆಯಲ್ಲಿ ಟ್ರಂಕಿಗೆ ಹಗ್ಗ ಬಿಗಿದಿತ್ತು. ಹಾಲವ್ವ ಹಿತ್ತಲಲ್ಲಿ ಕೊಟ್ಟಿಗೆಯ ಸಗಣಿ ಬಳಿದು ತಂದು ಬುಟ್ಟಿ ಇಳಿಸುತ್ತಿದ್ದಳು. ನಾಳೆ ಹೊರಡುವ ಮನೆಯ ಕೆಲಸವನ್ನು ಇವತ್ತೂ ಬಿಟ್ಟಿರಲಿಲ್ಲ.

"ಒಡಪು ಕಟ್ಟಾಕತ್ತೀನಿ ಅಂತ ಒಂದ ಮಾತ ಹೇಳಾಕ ಏನ ಧಾಡಿ ಬಡದಿತ್ತ ನಿನಗ?" ಬೈಗುಳದಲ್ಲೇ ಶುರುಮಾಡಿದೆ, ನನಗೆ ಬರುವುದು ಅದೇ.

"ಉಡಚಕ್ಕ ನನ್ನ ಕೈ ತಗೊಂಡು ತನ್ನ ಹೊಟ್ಟಿಮ್ಯಾಗ ಇಟ್ಟು ಆಣಿ ಹಾಕಿಸಿದ್ಲರಿ. ಕುಬಸ ಮುಗಿಯೂತನಕ ಯಾರಿಗೂ ಹೇಳಬಾರದು ಅಂತ. ಹೊಟ್ಟ್ಯಾಗಿನ ಕೂಸಿನ ಆಣಿ ಹೆಂಗ ಮುರೀಲಿರಿ?"

"ಮತ್ತ ಅವನ ಹೆಸರ ಯಾಕ ನಿನ್ನ ಬಾಯಾಗ?"

"ಉದ್ದನ ಹೆಸರರಿ ಅದು. ಸಾಲು ವಾಲತೈತೇನೋ ಅಂತ ಒಮ್ಮಿ ತೂಗಿ ನೋಡಿದೆ." ಅಂಗೈ ಎರಡನ್ನೂ ಮತ್ತೆ ತಕ್ಕಡಿ ಮಾಡಿ ತೋರಿಸಿದಳು. "ಎಲ್ಲಾ ಕೆಲಸದ ನಡುವ ಇದೊಂದ ನಂದರಿ. ಎರಡೂ ಕಡಿ ಸರಿ ತೂಗಿದ್ರ ಆವತ್ತಿನ ದಣಿವ ಗೊತ್ತಾಗೂದಿಲ್ಲ."

ಎರಡು ವರ್ಷದಲ್ಲಿ ಮೊದಲ ಸಲ ಅವಳು ತನ್ನದೆಂದು ಏನನ್ನಾದರೂ ನನಗೆ ತೋರಿಸಿದ್ದಳು. ಅದನ್ನೇ ನಾನು ಬಾಗಿಲ ಸಂದಿಯಲ್ಲಿ ನಿಂತು ಹೊಲಸು ಮಾಡಿದ್ದೆ.

ಗೋಡೆ ನೋಡಿದೆ. ಐದು ಗುಂಪು. ಕುಬಸದಲ್ಲಿ ಹೊಸ ಒಡಪು ಹೇಳಿದವರು ನಾಲ್ವರು.

"ಆ ಕಡೀದು ಯಾರ್ದು?"

ಅವಳು ನೆಲ ನೋಡಿದಳು. "ನಿಮ್ದರಿ. ನಿಮ್ಮನ್ನ ನೋಡಿ ಹುಡಿಗ್ಯಾರು ನಗ್ತಾರಲ್ರಿ, ನನಗ ತಡಿಯೂದಿಲ್ಲ. ಕುಬಸದಾಗ ನೀವು ಹೇಳಾಕ ಅಂತ ಕಟ್ಟಿದ್ದೆ. ಶನಿವಾರ ಸಂಜೀಕ ನಿಮಗ ಹೇಳಬೇಕಂತಿದ್ದೆ."

ಶನಿವಾರ. ನನ್ನ ಕಣ್ಣು ತುಂಬಿತು. ಸುಳ್ಳು ಯಾಕೆ ಹೇಳಲಿ.

"ಹೇಳ," ಎಂದೆ.

"ಹೆಸರ ಕೇಳಿದ್ರ ಸಿಟ್ಟು ಮೂಗಿನ್ಯಾಗ,
ಹೆಸರ ಬ್ಯಾಳಿಯ ತಂಪು ಮನಸಿನ್ಯಾಗ,
ಹೆಸರ ಹೇಳೇನಿ..."

ಅಲ್ಲಿಗೆ ನಿಲ್ಲಿಸಿದಳು. "ಮುಂದ ಮಾವಾರ ಹೆಸರರಿ. ನಾ ಹೆಂಗ ಹೇಳ್ಲಿ? ಅದಾದ ಮ್ಯಾಲ 'ಉಸಿರಿನ್ಯಾಗ' ಅಂತ ಬರ್ತೈತಿ."

ನಾನು ಸೆರಗು ಸಿಕ್ಕಿಸಿಕೊಂಡು ಬುಟ್ಟಿಗೆ ಕೈ ಹಾಕಿದೆ. ಒಂದು ಉಂಡೆ ಎತ್ತಿ, ಐದನೆಯ ಗುಂಪಿನ ಮೂರನೆಯ ಸಾಲಿನ ಖಾಲಿ ಜಾಗಕ್ಕೆ ಫಟ್ಟನೆ ಬಡಿದೆ.

"ಉಳವಪ್ಪ," ಎಂದೆ.

ಹಿತ್ತಲಲ್ಲಿ ನಾವಿಬ್ಬರೇ ಇದ್ದೆವು. ಯಾರೂ ನನ್ನನ್ನು 'ಹೆಸರ ಹೇಳ್ರಿ' ಎಂದು ಕಾಡಿರಲಿಲ್ಲ.

"ತೂಗಿತೇನ?"

ಹಾಲವ್ವ ತಲೆ ವಾರೆ ಮಾಡಿ ಗೋಡೆ ನೋಡಿದಳು. "ತೂಗಿತ್ರಿ. ಕುಳ್ಳ ಅಷ್ಟ ದಪ್ಪ ಆತು, ಒಣಗಾಕ ನಾಕ ದಿನ ಬೇಕ್ರಿ."

"ನಾಕ ದಿನ ಆದ ಮ್ಯಾಲ ನೀನ ಬಿಡಿಸು," ಎಂದು ಹೇಳಿ, ಸಗಣಿ ಕೈಯಲ್ಲೇ ಹೋಗಿ ಟ್ರಂಕಿನ ಹಗ್ಗ ಬಿಚ್ಚಿದೆ.