ಕಪಿಲೆಯ ಇಳಿಜಾರು

ಬಾವಿಯಿಂದ ನೀರೆತ್ತುವ ಕಪಿಲೆಯ ಹಗ್ಗದ ಮೇಲಿಂದ ಎದ್ದ ಮುನಿರಾಮಪ್ಪನ ಕಣ್ಣಿಗೆ ಮತ್ತೆ ಹಗಲು ಆರಿಹೋಯಿತು. ಎತ್ತುಗಳ ಗಂಟೆ ಎಲ್ಲೋ ದೂರದ ಊರಿನಲ್ಲಿ ಅಲುಗಿದಂತೆ ಕೇಳಿಸಿತು. ಕೈಗೆ ಸಿಕ್ಕಿದ ನೊಗವನ್ನು ಬಿಗಿಹಿಡಿದ. ಎತ್ತುಗಳು ತಮ್ಮ ಪಾಡಿಗೆ ಬಾವಿಯತ್ತ ಇಳಿಜಾರನ್ನು ಹಿಂದುಹಿಂದಕ್ಕೆ ಏರುತ್ತಿದ್ದವು. ಅವನೂ ಕುರುಡನಂತೆ ಅವುಗಳೊಡನೆ ಜರುಗಿದ. ಬೆಳಕು ಮರಳಿದಾಗ ಬಲದೆತ್ತಿನ ಗೊರಸು ಬಾವಿಯ ಅಂಚಿನ ಕಲ್ಲನ್ನು ಕೆರೆಯುತ್ತಿತ್ತು.

ತುಂಬಿದ ತೊಗಲ ಬಾನಿ ಮೇಲೇರಬೇಕಾದರೆ ಹಗ್ಗದ ಮೇಲೆ ಕೂತು ಎತ್ತುಗಳನ್ನು ಇಳಿಸಬೇಕು; ಕೆಳಗೆ ತಲುಪಿದೊಡನೆ ಎದ್ದು, ಬಾನಿ ಮತ್ತೆ ಬಾವಿಗಿಳಿಯುವಂತೆ ಎತ್ತುಗಳನ್ನು ಹಿಂದಕ್ಕೆ ಹತ್ತಿಸಬೇಕು. ಕೋಲಾರದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಎದ್ದೊಡನೆ ರಕ್ತದ ಒತ್ತಡ ಕುಸಿಯುತ್ತದೆ, ನಿಧಾನವಾಗಿ ಏಳು ಎಂದಿದ್ದರು. ನಿಧಾನವೆಂಬುದು ಎತ್ತಿಗೆ ತಿಳಿಯದು. ಯುದ್ಧದ ಕಾಲ, ರೇಷ್ಮೆಗೆ ಎಂದಿಲ್ಲದ ಬೆಲೆ. ಮನೆಯಲ್ಲಿ ಹುಳುಗಳು ಸೊಪ್ಪಿಗಾಗಿ ತಲೆಯೆತ್ತಿ ಕಾದಿದ್ದವು.

ನೀರು ನಿಂತದ್ದನ್ನು ಕಂಡು ಹೆಂಡತಿ ಕದಿರಮ್ಮ ಹಿಪ್ಪುನೇರಳೆ ತೋಟದಿಂದ ಓಡಿಬಂದಳು.

"ಏನಾಯ್ತು?"

"ಹಗ್ಗ ತೊಡರಿಕೊಂಡಿತ್ತು, ಅಷ್ಟೇಯ."

"ಹಗ್ಗ ತೊಡರಿದ್ರೆ ಮುಖ ಸುಣ್ಣ ಬಳಿದಂಗ್ ಆಗ್ತದಾ? ಮತ್ತೆ ಕತ್ತಲೆ ಕಟ್ತಲ್ವಾ?"

ಅವನು ಬಾವಿಯತ್ತ ನೋಡಲಿಲ್ಲ. "ಎತ್ತು ಇನ್ನೊಂದ್ ಗೇಣು ಬಂದಿದ್ರೆ..." ಮಾತು ಅಲ್ಲೇ ತುಂಡಾಯಿತು. "ನಂಗೆ ಭಯ ಆಗ್ತದೆ ಕಣೇ."

ಇಷ್ಟು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಕದಿರಮ್ಮ ಅವನ ಕೈಯಿಂದ ಚಾವಟಿ ಕಿತ್ತುಕೊಂಡಳು. ಸೀರೆ ಎತ್ತಿಕಟ್ಟಿ, ಸೆರಗು ಬಿಗಿದು, ಹಗ್ಗದ ಮೇಲೆ ಕೂತೇಬಿಟ್ಟಳು.

"ನೀನು ಹೋಗಿ ನೀರು ಕಟ್ಟು. ಬಿದ್ರೂ ಕೆಸರಿಗೆ ಬೀಳ್ತೀಯ."

ಆ ಸೀಮೆಯಲ್ಲಿ ಹೆಂಗಸು ಕಪಿಲೆ ಹೊಡೆದದ್ದನ್ನು ಕಂಡವರಿರಲಿಲ್ಲ. ವೇಮಗಲ್ ಕಡೆಗೆ ಹೊರಟಿದ್ದ ಪಕ್ಕದ ಹೊಲದ ಚನ್ನರಾಯಪ್ಪ ಬದುವಿನ ಮೇಲೆ ನಿಂತು ನಕ್ಕ. "ಏನ್ ಮಾಮ, ಅತ್ತೆಗೆ ಚಾವಟಿ ಕೊಟ್ಟು ನೀನು ಸೀರೆ ಉಟ್ಕೊತೀಯಾ?"

"ನಿನ್ನ ಎಂಡ್ತೀನೂ ಕಳಿಸೋ, ಕಲಿಸ್ಕೊಡ್ತೀನಿ!" ಎಂದಳು ಕದಿರಮ್ಮ.

ಮುನಿರಾಮಪ್ಪ ತೋಟಕ್ಕೆ ಹೋಗಿ ಗುದ್ದಲಿಗೆ ಭಾರ ಕೊಟ್ಟು ನಿಂತ. ಗಿಡಗಳ ಮರೆಯಲ್ಲಿ ಬಾವಿ ಕಾಣುತ್ತಿರಲಿಲ್ಲ. ಎತ್ತುಗಳಿಗೆ ಅವಳ ದನಿ ಹೊಸದು. ಹಿಂದಕ್ಕೆ ಏರುವಾಗ ನಿಲ್ಲೆಂದರೆ ನಿಂತಾವೆ? ಅವಳ ಹೆಸರು ಹಿಡಿದು ಕೂಗಬೇಕೆನ್ನಿಸಿತು. ಕೂಗಿದರೆ ಎತ್ತು ಬೆದರೀತೆಂದು ತುಟಿ ಕಚ್ಚಿದ.

ಒಣಗಿದ ಎಲೆಯೊಂದನ್ನು ತಳ್ಳಿಕೊಂಡು ಕಾಲುವೆಯಲ್ಲಿ ಕೆಂಪು ನೊರೆ ಬಂತು. ನೀರು ಪಾದಕ್ಕೆ ತಣ್ಣಗೆ ತಾಗಿ, ಮುಂದೆ ಸರಿದು, ಸಣ್ಣದಾಗಿ, ಮಣ್ಣಿನಲ್ಲಿ ಇಂಗಿತು. ಅವನು ಗುದ್ದಲಿ ಎತ್ತಲಿಲ್ಲ. ಅವಳು ಎತ್ತುವ ಮುಂದಿನ ಬಾನಿಯ ನೀರಿಗಾಗಿ ಕಿವಿಗೊಟ್ಟು ನಿಂತ.