ಮುರಿಯದ ಒಂಬತ್ತು

"...ಅವರು ಪಾಸು ಮಾಡಿದ ಕೊನೆಯ ಬ್ರೇಕು ಇವತ್ತು ಮುನ್ನೂರು ಗಾಲಿಕುರ್ಚಿಗಳಲ್ಲಿದೆ," ಎಂದು ಕಾರ್ಖಾನೆಯ ಮ್ಯಾನೇಜರು ಶವದ ಪೆಟ್ಟಿಗೆಯ ಪಕ್ಕ ನಿಂತು ಹೇಳುತ್ತಿದ್ದಾಗ, ಬಂದವರಿಗೆ ನೀರು ಕೊಡುತ್ತಿದ್ದ ಮಗಳು ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು.

"ಅಪ್ಪ ಅದನ್ನ ಪಾಸು ಮಾಡಿಲ್ಲ."

ಚಿಕ್ಕಪ್ಪ ಅವಳ ಮೊಣಕೈ ಹಿಡಿದ. "ಈಗ ಬೇಡಮ್ಮ. ಸಾವಿನ ಮನೇಲಿ ರಂಪ ಯಾಕೆ?"

"ಸಾವಿನ ಮನೇಲಿ ಸುಳ್ಳು ಹೇಳಬಹುದಾ ಚಿಕ್ಕಪ್ಪ?"

ಕಾರ್ಖಾನೆಗೆ ಅರ್ಧ ದಿನ ರಜೆ ಕೊಟ್ಟಿದ್ದರಿಂದ ಕೆಲಸಗಾರರೆಲ್ಲ ಬಂದಿದ್ದರು. ಅಪ್ಪನ ಜೊತೆ ಹತ್ತೊಂಬತ್ತು ವರ್ಷ ದುಡಿದ ಫಿಟ್ಟರ್ ಬಾಗಿಲಿಗೆ ಒರಗಿ ನಿಂತಿದ್ದ. ಪಕ್ಕದಲ್ಲಿದ್ದ ಪಾಳಿ ಮೇಸ್ತ್ರಿ, ಮಷೀನುಗಳನ್ನು ಚಾಲೂ ಮಾಡಿ ನಿಲ್ಲಿಸುವವನು, ನೆಲ ನೋಡತೊಡಗಿದ.

ಮ್ಯಾನೇಜರು ದನಿಗೆ ಬೆಣ್ಣೆ ಹಚ್ಚಿಕೊಂಡರು. "ದುಃಖದಲ್ಲಿದ್ದೀಯಮ್ಮ, ನನಗೆ ಅರ್ಥ ಆಗುತ್ತೆ. ಸರ್ಟಿಫಿಕೇಟಲ್ಲಿ ಅವರ ಹೆಸರೇ ಇದೆ. ಅವರಿಗೊಂದು ಗೌರವ ಅಂತ ನಾನೇ ಹಾಕಿಸಿದೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಿಂಗಳಿಂದ ಚಮಚ ಹಿಡಿಯಲೂ ಆಗದೆ ಆಸ್ಪತ್ರೆಯಲ್ಲಿ ಮಲಗಿದ್ದ ಮನುಷ್ಯನ ಹೆಸರನ್ನು ಒಂದು ಮಾತೂ ಕೇಳದೆ ಎತ್ತಿಕೊಂಡುಹೋಗಿ ಬಳಸಿದ್ದಕ್ಕೆ ಗೌರವ ಅನ್ನುತ್ತಾರಂತೆ.

*

ಅಪ್ಪನಿಗೆ ಕಾರ್ಖಾನೆಯಲ್ಲಿ 'ಅನುಮಾನದ ಮೇಷ್ಟ್ರು' ಎಂಬ ಅಡ್ಡಹೆಸರು. ಪರೀಕ್ಷಾ ಕೋಣೆಯಲ್ಲಿ ಮೂವತ್ತೊಂದು ವರ್ಷ ವಸ್ತುಗಳನ್ನು ಮುರಿದು ನೋಡುವುದೇ ಅವನ ಉದ್ಯೋಗವಾಗಿತ್ತು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಎರಡು ಸಲ ಅಲ್ಲಾಡಿಸಿಯೇ ಕೂರುವವನು. ಅಮ್ಮನಿಗೆಂದು ಕೊಡೆ ಕೊಳ್ಳಲು ಹೋಗಿ ಅಂಗಡಿಯಲ್ಲೇ ಅದನ್ನು ನಲವತ್ತು ಸಲ ಬಿಚ್ಚಿ ಮುಚ್ಚಿ, ಅಂಗಡಿಯವನಿಂದ ಉಗಿಸಿಕೊಂಡು ಬಂದಿದ್ದ.

ಮೂರು ತಿಂಗಳ ಹಿಂದೆ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದ. ಹನ್ನೆರಡು ಬ್ರೇಕುಗಳನ್ನು ಮಷೀನಿಗೆ ಕಟ್ಟಿದ್ದರಂತೆ. ಮಷೀನು ಹಿಡಿಕೆಯನ್ನು ಒತ್ತುತ್ತದೆ, ಬಿಡುತ್ತದೆ, ಎಣಿಸುತ್ತದೆ. ಒಂದು ಹಿಡಿಕೆ ಒಂಬತ್ತು ಸಾವಿರಕ್ಕೆ ಮುರಿಯಿತು, ಇನ್ನೊಂದು ಹದಿನಾಲ್ಕಕ್ಕೆ, ಮೂರನೆಯದು ಇಪ್ಪತ್ತೊಂದು ಸಾವಿರಕ್ಕೆ. ಇಪ್ಪತ್ತೈದು ಸಾವಿರಕ್ಕೆ ಬರುವಷ್ಟರಲ್ಲಿ ಮ್ಯಾನೇಜರಿಗೆ ಮಷೀನು ಬೇರೆ ಕೆಲಸಕ್ಕೆ ಬೇಕಾಯಿತು. ಉಳಿದ ಒಂಬತ್ತನ್ನೂ ಬಿಚ್ಚಿಸಿ, 'ಹನ್ನೆರಡರಲ್ಲಿ ಒಂಬತ್ತು ಮುರಿಯಲೇ ಇಲ್ಲ, ಮಾಲು ಗಟ್ಟಿ' ಎಂದು ವರದಿ ಬರೆದರು.

"ಓಟದ ಮಧ್ಯೆ ಎಲ್ಲರನ್ನೂ ನಿಲ್ಲಿಸಿ, ನೋಡಿ, ಇವರು ಸುಸ್ತೇ ಆಗಲ್ಲ ಅಂದ ಹಾಗಾಯ್ತು," ಎಂದ ಅಪ್ಪ. "ಆ ಒಂಬತ್ತು ಇಪ್ಪತ್ತೈದು ಸಾವಿರದ ತನಕ ಮುರಿದಿಲ್ಲ, ಅಷ್ಟೇ. ಮುಂದಿನದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗಟ್ಟಿ ಅಂತ ಬರೀಬಾರದು."

ಮುರಿದ ಮೂರಕ್ಕೆ ಮೂರು ಚುಕ್ಕೆ ಇಟ್ಟು, ಅವುಗಳ ನಡುವೆ ಸ್ಕೇಲು ಹಿಡಿದು ಗೆರೆಯನ್ನು ಮುಂದಕ್ಕೆ ಎಳೆದ. ದಿನಕ್ಕೆ ಇಪ್ಪತ್ತು ಸಲ ಒತ್ತಿದರೆ ಐದು ವರ್ಷಕ್ಕೆ ಮೂವತ್ತಾರೂವರೆ ಸಾವಿರ. ಗೆರೆಯ ಲೆಕ್ಕದಲ್ಲಿ ಅಷ್ಟರೊಳಗೆ ನೂರಕ್ಕೆ ನಲವತ್ತೆಂಟು ಹಿಡಿಕೆ ಮುರಿದಿರುತ್ತವೆ.

"ಮೂರೇ ಚುಕ್ಕೆ ಇಟ್ಕೊಂಡು ಇಷ್ಟೆಲ್ಲ ಹೇಳಬಹುದಾ ಅಪ್ಪ?"

"ಖಡಾಖಂಡಿತವಾಗಿ ಹೇಳಕ್ಕಾಗಲ್ಲ. ನೂರಕ್ಕೆ ಇಪ್ಪತ್ತೈದೂ ಇರಬಹುದು, ಎಂಬತ್ತೂ ಇರಬಹುದು. ಅದಕ್ಕೇ ಇನ್ನಷ್ಟು ಓಡಿಸಿ ಅಂತ ಕೇಳಿದ್ದು."

"ಮತ್ತೆ ಹೋಗಿ ಕೂಗಾಡು."

"ಬರೆದು ಕೊಟ್ಟಿದೀನಲ್ಲ."

ಅವಳಿಗೆ ರೇಗಿದ್ದು ಅದಕ್ಕೇ. ಮೂರು ಸಲ ಬರೆದು ಕೊಟ್ಟಿದ್ದ, ಮೂರು ಸಲವೂ ಉತ್ತರವಿಲ್ಲ. ಬರೆದದ್ದನ್ನು ಜಗತ್ತಿನಲ್ಲಿ ಎಲ್ಲರೂ ಓದುತ್ತಾರೆ ಎಂಬ ಒಂದು ವಿಷಯದಲ್ಲಿ ಮಾತ್ರ ಈ ಮನುಷ್ಯನಿಗೆ ಅನುಮಾನವೇ ಬರಲಿಲ್ಲ. "ನಿನ್ನಂಥವರಿಂದಲೇ ಅವರಿಗೆ ಕೊಬ್ಬು," ಎಂದು ಹೇಳಿ ಎದ್ದುಹೋಗಿದ್ದಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಸ್ಪತ್ರೆಯ ಒಂದು ತಿಂಗಳಲ್ಲೂ ಅವಳಿಗೆ ಬಾಯಿ ಬರಲಿಲ್ಲ.

*

ಕಪಾಟಿನಿಂದ ಆ ಗ್ರಾಫ್ ಹಾಳೆ ತಂದು, ಅಪ್ಪ ಗೆರೆಯ ಕೆಳಗೆ ಬರೆದಿದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳು. ಅಪ್ಪನ ಅಕ್ಷರ ದುಂಡಗಿತ್ತು. ಕೊನೆಯ ಸಾಲು, 'ಈ ಬ್ರೇಕನ್ನು ನಾನು ಪಾಸು ಮಾಡುವುದಿಲ್ಲ.'

ಮ್ಯಾನೇಜರು ಹಾಳೆಯತ್ತ ಬೆರಳು ತೋರಿಸಿದರು. "ಮೂರು ಚುಕ್ಕೆ ಮೇಲೆ ಎಳೆದ ಗೆರೆ ಅಮ್ಮಾ ಇದು. ಇದನ್ನ ಪುರಾವೆ ಅಂತಾರಾ?"

"ಮೂರಲ್ಲ ಸರ್, ಈಗ ಆರು," ಎಂದ ಫಿಟ್ಟರ್.

ಅವನು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಬುಡದಲ್ಲೇ ತುಂಡಾದ ಮೂರು ಹಿಡಿಕೆಗಳು. "ಒಂಬತ್ತನ್ನೂ ಗುಜರಿಗೆ ಹಾಕು ಅಂದ್ರಿ. ನಾನು ಹಾಕಲಿಲ್ಲ. ಮಷೀನು ಖಾಲಿ ಇದ್ದಾಗೆಲ್ಲ ಕಟ್ಟಿ ಓಡಿಸ್ದೆ. ಇಪ್ಪತ್ತೆಂಟಕ್ಕೊಂದು, ಮೂವತ್ತೊಂದಕ್ಕೊಂದು, ಮೂವತ್ತೈದು ಸಾವಿರಕ್ಕೊಂದು. ಹನ್ನೆರಡರಲ್ಲಿ ಆರು ಹೋಯ್ತು. ನಿನ್ನೆ ಮೇಷ್ಟ್ರಿಗೆ ತೋರಿಸೋಣ ಅಂತ ಆಸ್ಪತ್ರೆಗೆ ತಂದೆ. ಅಷ್ಟರಲ್ಲಿ..."

"ಉಳಿದ ಆರು ಎಲ್ಲಿ?" ಎಂದರು ಮ್ಯಾನೇಜರು.

"ಓಡ್ತಿವೆ ಸರ್. ಬೆಳಿಗ್ಗೆ ಚಾಲೂ ಮಾಡೇ ಬಂದಿದ್ದು."

ಪೆಟ್ಟಿಗೆಯ ಪಕ್ಕ ಕೂತಿದ್ದ ಅಮ್ಮ ಎದ್ದು ಬಂದು ಆ ಮೂರು ತುಂಡುಗಳನ್ನೂ ಮಗಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಇವನ್ನ ಈ ಮ್ಯಾನೇಜರ ಕೈಗೆ ಕೊಡಬೇಡ," ಎಂದಳು.

"ಕೊಡಲ್ಲಮ್ಮ. ನಾಳೆ ಹಾಳೆ, ತುಂಡು ಎರಡೂ ಆ ಕುರ್ಚಿ ತಗೊಂಡ ಆಸ್ಪತ್ರೆಗಳಿಗೆ ಹೋಗುತ್ತೆ. ನಾನೇ ಹೋಗ್ತೀನಿ." ಮಗಳು ಮ್ಯಾನೇಜರ ಕಡೆ ತಿರುಗಿದಳು. "ನಾನು ಅಪ್ಪನ ಹಾಗೆ ಬರೆದು ಕೊಟ್ಟು ಕಾಯೋಳಲ್ಲ ಸರ್."

ಮ್ಯಾನೇಜರ ದನಿಯ ಬೆಣ್ಣೆಯೆಲ್ಲ ಕರಗಿತು. "ನೀನು ಈಗಲೇ ಹೋಗಿ ಆ ಮಷೀನು ನಿಲ್ಸು," ಎಂದರು ಫಿಟ್ಟರನಿಗೆ.

"ಮೊದಲು ಮೇಷ್ಟ್ರನ್ನ ಕಳಿಸಿಕೊಟ್ಟು ಬರ್ತೀನಿ ಸರ್," ಎಂದು ಅವನು ಪೆಟ್ಟಿಗೆಯ ತಲೆಯ ಕಡೆಗೆ ಹೋದ.

ಮ್ಯಾನೇಜರು ಫೋನು ತೆಗೆದು ಯಾವುದೋ ನಂಬರು ಒತ್ತುತ್ತ ಅಂಗಳಕ್ಕಿಳಿದರು. ಒಳಗೆ ಆರು ಜನ ಬಗ್ಗಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಹೊಸ್ತಿಲು ದಾಟುವಾಗ, ಹೆಗಲು ಕೊಟ್ಟಿದ್ದ ಪಾಳಿ ಮೇಸ್ತ್ರಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಅವನು ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡು, ಫೋನು ಕಿವಿಗಿಟ್ಟು ನಿಂತಿದ್ದ ಮ್ಯಾನೇಜರ ಎದುರಿನಿಂದಲೇ ನಿಧಾನವಾಗಿ ನಡೆದುಹೋದ.